ಮೂರನೆಯ ಕೂಗಿನವರೆಗೆ

ಹೋದ ವಾರ ನನ್ನ ಅಂಗಡಿಯ ಜೆರಾಕ್ಸ್ ಮಷೀನು ಮತ್ತೆ ಗೆರೆ ಎಳೆಯಲು ಶುರುಮಾಡಿತು. ಹಾಳೆಯ ಬಲಗಡೆ, ಅಂಚಿನಿಂದ ಒಂದು ಬೆರಳು ಒಳಗೆ, ಮೇಲಿನಿಂದ ಕೆಳಗಿನ ತನಕ ಕೂದಲೆಳೆಯಂಥ ಕಪ್ಪು ಗೆರೆ. ಡ್ರಮ್ಮಿನ ಮೇಲೆ ಎಲ್ಲೋ ಗೀರು ಬಿದ್ದಿರುತ್ತದೆ, ಅಷ್ಟೇ. ಬುದ್ಧಿ ನೆಟ್ಟಗಿರುವವರು ಮೆಕ್ಯಾನಿಕ್‌ಗೆ ಫೋನ್ ಮಾಡುತ್ತಾರೆ. ನಾನು ಇನ್ನೂ ಬಿಸಿಯಾಗಿದ್ದ ಆ ಹಾಳೆಯನ್ನು ಮೂಗಿಗೆ ಹಿಡಿದುಕೊಂಡು ನಿಂತುಬಿಟ್ಟೆ. ಕಾದ ಕಾಗದ, ಕಾದ ಟೋನರು... ಆ ವಾಸನೆಯ ಹಿಂದೆ ಮೆಣಸಿನಕಾಯಿ ಕರಿಯುವ ಎಣ್ಣೆಯ ಘಾಟು, ಮೈಕಿನ ಕರಕರ, ಅದರ ಹಿಂದೆ ಆ ಧ್ವನಿ.

"ಏನಣ್ಣ, ಮೂಸಿ ನೋಡಿ ಕೊಡ್ತೀಯೇನು? ಬೆಂದೈತಾ?" ಎಂದಳು ಪಹಣಿ ಹಿಡಿದು ಕಾಯುತ್ತಿದ್ದ ಹೆಂಗಸು.

ಬೆಂದಿದೆ ಎಂದು ಕೊಟ್ಟು ಕಳಿಸಿದೆ. ಮೆಕ್ಯಾನಿಕ್‌ಗೆ ಮಾತ್ರ ಎರಡು ದಿನ ಫೋನ್ ಮಾಡಲಿಲ್ಲ.

ನಾನು ಹೇಳುತ್ತಿರುವುದು ಹದಿನೈದು ಹದಿನಾರು ವರ್ಷದ ಹಿಂದಿನ ಮಾತು. ಆಗ ಹೊಸದುರ್ಗದ ಖಾಸಗಿ ಬಸ್ ನಿಲ್ದಾಣದಲ್ಲಿ, ಮಾಲೀಕರ ಸಂಘದವರು ಕಟ್ಟಿಸಿದ್ದ ಮಳಿಗೆ ಸಾಲಿನ ಕೊನೆಯ ಗೂಡು ನನ್ನದು. ಒಂದು ಹಳೆಯ ಜೆರಾಕ್ಸ್ ಮಷೀನು, ಒಂದು ಕಂಪ್ಯೂಟರು, ಪ್ರಿಂಟರು, ಎರಡು ಸ್ಟೂಲು. ಬೇರೆಯವರ ಅರ್ಜಿಗಳನ್ನು ಟೈಪು ಮಾಡುವುದು ನನ್ನ ಕೆಲಸ, ಆ ಅರ್ಜಿಗಳ ಬಗ್ಗೆ ಅವರಿಗಿಂತ ಹೆಚ್ಚು ಚಿಂತೆ ಮಾಡುವುದು ನನ್ನ ಹವ್ಯಾಸ. ಸಂಜೆ ಶಟರ್ ಎಳೆದು ಬೀಗ ಹಾಕಿ, ಅದನ್ನು ಜಗ್ಗಿ ನೋಡಿ, ಅರ್ಧ ದಾರಿಗೆ ಹೋಗಿ, ವಾಪಸು ಬಂದು ಮತ್ತೆ ಜಗ್ಗುವ ಪೈಕಿ ನಾನು. ಆಗಿನಿಂದಲೂ ಹಾಗೇ.

ನನ್ನ ಗೂಡಿನ ಎದುರಿಗೆ ನಿಲ್ದಾಣದ ಕೌಂಟರು. ಅದರೊಳಗೆ ಮೈಕು ಹಿಡಿದು ಕೂರುತ್ತಿದ್ದವರು ಬಸ್ ಏಜೆಂಟರು. ಎಲ್ಲರಿಗೂ ಏಜೆಂಟಣ್ಣ. ಐವತ್ತು ದಾಟಿದ ಮನುಷ್ಯ, ಬಿಳಿ ಅಂಗಿ, ಬೆವರಿಗೆಂದು ಕಾಲರಿನೊಳಗೆ ಸಿಕ್ಕಿಸಿದ ಕರವಸ್ತ್ರ. ಯಾವ ಬಸ್ಸು ಬಂದರೂ ಅದರ ಊರಿನ ಹೆಸರನ್ನು ಮೂರು ಸಲ ಕೂಗುತ್ತಿದ್ದರು. ಏಜೆಂಟರೆಲ್ಲ ಕೂಗುತ್ತಾರೆ, ಅದೇನು ದೊಡ್ಡದಲ್ಲ. ಆದರೆ ಇವರ ಮೂರು ಕೂಗು ಮೂರು ಬಗೆ. "ದುರ್ಗಾ..." ಎಂಬ ಮೊದಲನೆಯದು ಹುಕುಂ ಇದ್ದಂತೆ ಇಡೀ ನಿಲ್ದಾಣಕ್ಕೆ ಬಡಿಯುತ್ತಿತ್ತು. ಎರಡನೆಯದು ಕೊಂಚ ತಗ್ಗಿ, ಟೀ ಲೋಟ ಹಿಡಿದವರನ್ನು, ಹಿಂದಿನ ಗೋಡೆಯ ಕಡೆ ಹೋದವರನ್ನು ಹುಡುಕಿಕೊಂಡು ಹೋಗುತ್ತಿತ್ತು. ಮೂರನೆಯದನ್ನು ಕೇಳಿದರೆ, ಊಟಕ್ಕೆ ಎಲೆ ಹಾಕಿ ಮನೆಯವರನ್ನು ಕರೆದ ಹಾಗೆ.

ಒಂದು ಸಲ ಕೇಳಿದ್ದೆ, ಇಷ್ಟು ಶ್ರಮ ಯಾಕಣ್ಣ ಎಂದು.

"ಮೊದಲನೇ ಸಲ ಕೂಗಿದಾಗ ಮನುಷ್ಯನಿಗೆ ಬರೀ ಕೇಳಿಸ್ತೈತೆ. ಎರಡನೇ ಸಲಕ್ಕೆ ಅದು ತನಗೇ ಅಂತ ಗೊತ್ತಾಗ್ತೈತೆ. ಎದ್ದು ಬರಾಕೆ ಮೂರನೇದು ಬೇಕು ಕಣಪ್ಪ."

ಬಸ್ಸಿನಲ್ಲಿ ಯಾರಾದರೂ ಏನಾದರೂ ಬಿಟ್ಟು ಹೋದರೂ ಅದೇ ಕ್ರಮ. ಛತ್ರಿಯೋ, ಟಿಫಿನ್ ಡಬ್ಬಿಯೋ ಕೌಂಟರಿನ ಹಿಂದಿನ ಕಬ್ಬಿಣದ ಬೀರು ಸೇರುತ್ತಿತ್ತು. ಮೂರು ದಿನ, ದಿನಕ್ಕೆ ಮೂರು ಸಲ, "ಬಿಟ್ಟೋರು ಬಂದು ತಗಂಡೋಗ್ರಿ" ಎಂದು ಮೈಕಿನಲ್ಲಿ ಕರೆಯುತ್ತಿದ್ದರು. ಅಲ್ಲಿಯವರೆಗೆ ಚೀಲದ ಗಂಟನ್ನೂ ಮುಟ್ಟುತ್ತಿರಲಿಲ್ಲ.

ಕೌಂಟರಿನ ಪಕ್ಕ ಹೋಟೆಲು. ಅದನ್ನು ನಡೆಸುತ್ತಿದ್ದ ಅಕ್ಕನ ಮಂಡಕ್ಕಿ ಮೆಣಸಿನಕಾಯಿಗೆ ಹೊಳಲ್ಕೆರೆ ಬಸ್ಸಿನ ಡ್ರೈವರುಗಳು ಐದು ನಿಮಿಷ ಲೇಟಾಗಿಯೇ ಹೊರಡುತ್ತಿದ್ದರು. ಅಲ್ಲಿ ಗೋಡೆಗೆ ಒಂದು ಟಿ.ವಿ. ಮಧ್ಯಾಹ್ನ ಒಂದೂವರೆಗೆ ಹಿಂದಿನ ದಿನದ ಧಾರಾವಾಹಿ ಮರುಪ್ರಸಾರವಾಗುತ್ತಿತ್ತು. ನಾಲ್ಕು ಜನ ಸೇರಿ ಬಾವಿಗೆ ನೂಕಿ ಕೊಂದ ಹುಡುಗಿಯೊಬ್ಬಳು ದೆವ್ವವಾಗಿ ಬಂದು, ಒಬ್ಬೊಬ್ಬರನ್ನೇ ಮುಗಿಸುವ ಕಥೆ. ಮೊದಲು ಹಸಿರು ಬಳೆಗಳ ಸದ್ದು. ಆಮೇಲೆ ಹಿಂದಿನಿಂದ ಒಂದು ದನಿ, ಪಾಪಿಯ ಹೆಸರು ಹಿಡಿದು ಕರೆಯುತ್ತದೆ. ಅವನು ತಿರುಗುತ್ತಾನೆ. ಬಾಯಿ ತುಂಬ ನೀರು. ಒಣ ನೆಲದ ಮೇಲೆ ಮುಳುಗಿ ಸಾಯುತ್ತಾನೆ.

ನಗಬೇಡಿ. ಆ ಬಳೆ ಸದ್ದು ಕೇಳಿದರೆ ಇಡೀ ನಿಲ್ದಾಣವೇ ಉಸಿರು ಹಿಡಿಯುತ್ತಿತ್ತು. ಕಂಡಕ್ಟರು ಟಿಕೆಟ್ ಹರಿಯುವುದನ್ನು ನಿಲ್ಲಿಸುತ್ತಿದ್ದ. ನಾನು ಗೂಡಿನಿಂದ ಇಳಿದು ಓಡುತ್ತಿದ್ದೆ. ದಿನವಿಡೀ ಜನರ ಅನ್ಯಾಯಗಳನ್ನು ಟೈಪು ಮಾಡುತ್ತಿದ್ದವನು ನಾನು. ತಹಶೀಲ್ದಾರರಿಗೆ, ಠಾಣೆಗೆ, ಮೇಲಿನವರಿಗೆ, ಅವರ ಮೇಲಿನವರಿಗೆ... ಯಾವ ಅರ್ಜಿಗೂ ಉತ್ತರ ಬಂದಿದ್ದನ್ನು ಕಂಡವನಲ್ಲ. ಇಲ್ಲಿ ನೋಡಿದರೆ ಅರ್ಜಿಯೂ ಬೇಡ, ಸಾಕ್ಷಿಯೂ ಬೇಡ, ಅರ್ಧ ಗಂಟೆಯಲ್ಲಿ ತೀರ್ಮಾನ. ಮೂವರು ಸತ್ತಿದ್ದರು. ಉಳಿದವನು ಒಬ್ಬ ಗುಮಾಸ್ತ. ಹುಡುಗಿಯ ಮೇಲೆ ಕೈ ಮಾಡಿದವನಲ್ಲ, ಅವಳ ಬಗ್ಗೆ ಒಂದು ಸುಳ್ಳು ಕಾಗದ ಬರೆದವನು. ಅವನ ಸಾವಿಗಾಗಿ ನಾನು ಎಲ್ಲರಿಗಿಂತ ಹೆಚ್ಚು ಕಾತರದಿಂದ ಕಾಯುತ್ತಿದ್ದೆ. ಈಗ ನೆನೆಸಿಕೊಂಡರೆ...

ಏಜೆಂಟಣ್ಣನಿಗೆ ಮಾತ್ರ ಆ ದೆವ್ವದ ಮೇಲೆ ತಕರಾರಿತ್ತು.

"ಒಂದೇ ಸಲ ಕರೀತಾಳಲ್ಲೋ. ತಿರುಗಿದ, ಮುಗೀತು. ಇನ್ನೆರಡು ಸಲ ಕರಿಯಾಕೆ ಏನು ರೋಗ ಅವಳಿಗೆ?"

"ಅದು ದೆವ್ವ ಕಣಣ್ಣ, ನಿನ್ನಂಗೆ ಏಜೆಂಟಲ್ಲ" ಎಂದ ಒಬ್ಬ ಡ್ರೈವರು.

"ಅದನ್ನೇ ನಾನು ಹೇಳಿದ್ದು. ದೆವ್ವಕ್ಕೆ ಮೂರು ಸಲ ಕರಿಯಾಕೆ ಬರಲ್ಲ."

ಇದು ಅಲ್ಲಿದ್ದ ಎಲ್ಲರಿಗೂ ಅರ್ಥವಾಯಿತು. ಮುಸ್ಸಂಜೆಯಲ್ಲಿ ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕರೆದರೆ ಮೊದಲ ಕರೆಗೆ ಓ ಅನ್ನಬೇಡ ಎಂದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಹೇಳಿಕೊಟ್ಟಿರುತ್ತಾರೆ. ದೆವ್ವ ಒಂದೇ ಸಲ ಕರೆಯುತ್ತದೆ. ಮನುಷ್ಯರಾದರೆ ಮತ್ತೆ ಕರೆಯುತ್ತಾರೆ, ಮೂರನೆಯದಕ್ಕೆ ಓ ಅಂದರೆ ಸಾಕು. ಚಿಕ್ಕಂದಿನಲ್ಲಿ ಇದನ್ನು ನಂಬಿ ನಾನು ನಮ್ಮಪ್ಪನ ಕೈಯಲ್ಲಿ ಎಷ್ಟು ಸಲ ಬೈಸಿಕೊಂಡಿದ್ದೇನೋ.

ಆದರೆ ಹೋಟೆಲಿನ ಅಕ್ಕ ಜಾಲರಿ ಸೌಟು ಹಿಡಿದೇ ತಿರುಗಿದಳು. "ಅವಳನ್ನ ಬಾವಿಗೆ ನೂಕುವಾಗ ಅವಳು ಎಷ್ಟು ಸಲ ಕೂಗಿದ್ಲು ಅಂತ ಎಣಿಸಿದೀಯೇನಣ್ಣ? ಊರೆಲ್ಲ ಕೇಳಿಸ್ಕಂಡು ಸುಮ್ಕೆ ಇತ್ತು. ಈಗ ಮೂರು ಸಲ ಕರಿಬೇಕಂತೆ, ಮೂರು ಸಲ!"

ಏಜೆಂಟಣ್ಣ ಲೋಟ ಇಟ್ಟು ಎದ್ದುಹೋದರು. ಎರಡು ದಿನ ಬಿಟ್ಟು, ಯಾರೂ ಕೇಳದಿದ್ದಾಗ, ತಾವೇ ಅಕ್ಕನ ಒಲೆಯ ಹತ್ತಿರ ಹೋಗಿ ನಿಂತು, "ನೀನು ಹೇಳಿದ್ದು ಸರಿ ಕಣಮ್ಮ. ಕೂಗಿದಾಗ ಯಾರೂ ಓ ಅನ್ಲಿಲ್ಲ. ಅದಕ್ಕೇ ದೆವ್ವ ಆದ್ಲು" ಎಂದರು. ಒಂದು ಟಿ.ವಿ. ಕಥೆಯ ಬಗ್ಗೆ ಎರಡು ದಿನ ಯೋಚಿಸುವ ಮನುಷ್ಯನನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನಾನೂ ಯೋಚಿಸುತ್ತೇನೆ, ಆದರೆ ನನ್ನದು ಬೀಗದ ಬಗ್ಗೆ.

ಆ ಶ್ರಾವಣದಲ್ಲಿ ಶ್ರೀರಾಂಪುರದ ಬಸ್ಸಿನಲ್ಲಿ ಒಂದು ಹಳದಿ ಬಟ್ಟೆಯ ಚೀಲ ಸಿಕ್ಕಿತು. ಬಾಯಿಗೆ ದಾರ ಸುತ್ತಿದ್ದರೂ ಒಂದು ಮೂಲೆಯಲ್ಲಿ ಹಸಿರು ಗಾಜಿನ ಬಳೆಗಳು ಇಣುಕುತ್ತಿದ್ದವು. ಏಜೆಂಟಣ್ಣ ಮೂರು ದಿನ ಕರೆದರು. ಯಾರೂ ಬರಲಿಲ್ಲ. ನಾಲ್ಕನೆಯ ದಿನ ಭಾನುವಾರ. ನಾನು ನನ್ನ ಗೂಡಿನಿಂದ ನೋಡುತ್ತಿದ್ದಂತೆಯೇ ಅವರು ಬೀರು ತೆಗೆದು, ನನಗೆ ಬೆನ್ನು ತಿರುಗಿಸಿ ಚೀಲ ಬಿಚ್ಚಿದರು. ಏನೋ ಒಂದನ್ನು ತೆಗೆದು ಜೇಬಿಗೆ ಹಾಕಿಕೊಂಡರು. ಚೀಲದ ಮೇಲೆ ಟವೆಲು ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡು ಹೊರಟುಬಿಟ್ಟರು.

ಮುಂದಿನ ಶುಕ್ರವಾರ ದೇವಸ್ಥಾನದಲ್ಲಿ ಅವರ ಹೆಂಡತಿಯನ್ನು ನೋಡಿದೆ. ಎರಡೂ ಕೈ ತುಂಬ ಹಸಿರು ಬಳೆ. ಶ್ರಾವಣ ಮಾಸ, ಊರಿನ ಅರ್ಧಕ್ಕರ್ಧ ಹೆಂಗಸರ ಕೈಯಲ್ಲಿ ಹಸಿರು ಬಳೆ ಇದ್ದವು, ನನ್ನ ಹೆಂಡತಿಯ ಕೈಯಲ್ಲೂ ಇದ್ದವು. ನನಗೆ ಸದ್ದು ಕೇಳಿದ್ದು ಮಾತ್ರ ಅವರ ಕೈಯಿಂದ.

ಅದಾದ ಮೂರು ನಾಲ್ಕು ದಿನಕ್ಕೆ ಒಬ್ಬ ಹೆಂಗಸು ನನ್ನ ಗೂಡಿನ ಮುಂದೆ ಬಂದು ನಿಂತಳು. ಕುರಿ ಸಾಕುವ ಮನೆಯವಳು, ಶ್ರೀರಾಂಪುರದ ಆಚೆಯ ಹಟ್ಟಿ. ಮಗಳಿಗೆ ಬಸುರಿ ಬಳೆ ತೊಡಿಸುವ ಶಾಸ್ತ್ರಕ್ಕೆಂದು ಸೀರೆ, ಬಳೆ ತೆಗೆದುಕೊಂಡು ಬಸ್ಸಿನಲ್ಲಿ ಕೂತಿದ್ದಾಳೆ. ಅಷ್ಟರಲ್ಲಿ ಧರ್ಮಪುರದ ಕಡೆ ಕುರಿ ಮಂದೆಯ ಜೊತೆಗಿದ್ದ ಗಂಡನಿಗೆ ಜ್ವರ ಎಂದು ಫೋನ್ ಬಂದಿದೆ. ಗಾಬರಿಯಲ್ಲಿ ಇಳಿದು ಹಿರಿಯೂರಿನ ಬಸ್ಸು ಹತ್ತಿದ್ದಾಳೆ. ಚೀಲ ಅಲ್ಲೇ. ಈಗ ಅಲ್ಲಿಂದಲೇ ಬರುತ್ತಿದ್ದಾಳೆ, ಹಟ್ಟಿಯಲ್ಲಿರುವ ಮಗಳಿಗೆ ಫೋನ್ ಸಿಗುವುದಿಲ್ಲ.

"ಬರಿಗೈಲಿ ಮಗಳ ಮುಂದೆ ಹೆಂಗೆ ಹೋಗಿ ನಿಂತ್ಕಳ್ಲಿ ಯಪ್ಪಾ" ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಏಜೆಂಟಣ್ಣ ಅಂದು ದುರ್ಗಕ್ಕೆ ಹೋಗಿದ್ದರು. ನಾಳೆ ಬಂದು ಅವರನ್ನೇ ಕೇಳು ಎಂದು ಹೇಳಬಹುದಿತ್ತು. ಹೇಳಲಿಲ್ಲ. ಗೊತ್ತಿಲ್ಲಮ್ಮ ಎಂದು ಬಸ್ಸು ಹತ್ತಿಸಿ ಕಳಿಸಿ, ಗೂಡಿಗೆ ಬಂದು ಕೂತೆ. ಕಂಪ್ಯೂಟರಿನಲ್ಲಿ ಹೊಸ ಪುಟ ತೆರೆದೆ. ಸಿಟ್ಟಿನಿಂದ ಎಂದುಕೊಂಡಿದ್ದೆ. ಅದರಲ್ಲಿ ಒಂದು ಬಗೆಯ ಖುಷಿಯೂ ಇತ್ತೆಂದು ಒಪ್ಪಿಕೊಳ್ಳಲು ಇಷ್ಟು ವರ್ಷ ಬೇಕಾಯಿತು. ಕೊನೆಗೂ ನನ್ನ ಕೈಗೆ ಒಬ್ಬ ಪಾಪಿ ಸಿಕ್ಕಿದ್ದ.

ಮೂಗರ್ಜಿ ಬರೆದೆ. ಹೆಸರಿಲ್ಲದ ಅರ್ಜಿ. ಸಂಘದ ಕಾರ್ಯದರ್ಶಿಗಳಿಗೆ, ಪ್ರಯಾಣಿಕರ ಸ್ವತ್ತನ್ನು ಏಜೆಂಟರು ಮನೆಗೆ ಸಾಗಿಸುತ್ತಿದ್ದಾರೆ ಎಂದು. ರೂಢಿಬಲದಿಂದ ಕೊನೆಯಲ್ಲಿ "ಇಂತಿ ತಮ್ಮ ವಿಧೇಯ" ಎಂದು ಟೈಪು ಮಾಡಿ, ಮುಂದೆ ಖಾಲಿ ಬಿಟ್ಟೆ. ಪ್ರಿಂಟರಿನ ಅಕ್ಷರದಿಂದ ಗುರುತು ಸಿಕ್ಕೀತೆಂದು ಹೆದರಿ ಅದನ್ನು ಜೆರಾಕ್ಸ್ ಮಾಡಿ, ಮೂಲಪ್ರತಿ ಸುಟ್ಟು, ಜೆರಾಕ್ಸನ್ನೇ ಲಕೋಟೆಗೆ ಹಾಕಿದೆ. ಅಂಚೆಯ ಮುದ್ರೆಯಿಂದ ಗೊತ್ತಾದೀತೆಂದು ಹೊಳಲ್ಕೆರೆಗೆ ಹೋಗಿ ಡಬ್ಬಕ್ಕೆ ಹಾಕಲು ಹೊರಟೆ. ಆ ಬಸ್ಸಿಗೆ ಮೂರು ಸಲ ಕರೆದವರೂ ಅವರೇ.

"ಏನಪ್ಪ ಜೆರಾಕ್ಸು, ಅಂಗಡಿ ಬಿಟ್ಟು ಎಲ್ಲಿಗೆ?"

"ಹಲ್ಲು ನೋವಣ್ಣ. ಹೊಳಲ್ಕೆರೆಯಾಗೆ ಡಾಕ್ಟ್ರು ಚೆನ್ನಾಗಿ ನೋಡ್ತಾರಂತೆ."

"ಮುಂದಿನ ಸೀಟಾಗೆ ಕುಂತ್ಕ. ಹಿಂದೆ ಎತ್ತಾಕ್ತೈತೆ, ನೋವು ಜಾಸ್ತಿ ಆಗ್ತೈತೆ" ಎಂದರು.

ಇಷ್ಟೆಲ್ಲ ಜಾಣತನ ಮಾಡಿದವನು ಒಂದನ್ನು ಮರೆತಿದ್ದೆ. ನನ್ನ ಮಷೀನಿನ ಗೆರೆ. ಆರು ತಿಂಗಳಿಂದ ಊರಿನ ಪ್ರತಿಯೊಂದು ಜೆರಾಕ್ಸಿನ ಮೇಲೂ, ರೇಷನ್ ಕಾರ್ಡಿನಿಂದ ಮದುವೆ ಜಾತಕದವರೆಗೆ, ಬಲಗಡೆ ಅಂಚಿನಲ್ಲಿ ನನ್ನ ಕಪ್ಪು ಗೆರೆ ಇತ್ತು. ಹೆಸರು ಬಿಟ್ಟಿದ್ದೆ, ಹೆಬ್ಬೆಟ್ಟು ಒತ್ತಿದ್ದೆ.

ವಾರ ಕಳೆದಿರಲಿಲ್ಲ, ಏಜೆಂಟಣ್ಣ ಒಂದು ಕಾಗದ ಹಿಡಿದು ಬಂದರು. "ಇದನ್ನ ಒಂದು ಜೆರಾಕ್ಸ್ ಮಾಡಿಕೊಡಪ್ಪ."

ನನ್ನ ಮೂಗರ್ಜಿ. ಸಂಘದವರು ಅವರ ಕೈಗೇ ಕೊಟ್ಟಿದ್ದರು. ಶನಿವಾರದ ಮೀಟಿಂಗಿನಲ್ಲಿ ಉತ್ತರ ಕೊಡಬೇಕು, ಇಲ್ಲದಿದ್ದರೆ ಮೈಕು ಬಿಟ್ಟು ಇಳಿಯಬೇಕು. ಇಪ್ಪತ್ತು ವರ್ಷದ ಮೈಕು. ನಾನು ಹಾಳೆಯನ್ನು ಗಾಜಿನ ಮೇಲೆ ಕವುಚಿ ಗುಂಡಿ ಒತ್ತಿದೆ. ಹೊರಬಂದ ಪ್ರತಿಯಲ್ಲಿ ಹಳೆಯ ಗೆರೆಯ ಪಕ್ಕ ಹೊಸದೊಂದು ಗೆರೆ, ಒಂದೇ ತಾಯಿಯ ಮಕ್ಕಳ ಹಾಗೆ. ಅವರು ಎರಡನ್ನೂ ನೋಡಿದರು. ನನ್ನನ್ನು ನೋಡಲಿಲ್ಲ.

"ಈ ಗೆರೆ ಯಾಕೆ ಬರ್ತೈತೆ?"

"ಡ್ರಮ್ಮು ಹೋಗೈತಣ್ಣ."

"ಹೌದಾ. ಹಲ್ಲು ನೋವು ಹೆಂಗೈತೆ?"

ವಾಸಿಯಾಗಿದೆ ಎಂದೆ. ಹೋದರು. ಅಂದು ನನಗೆ ಅನ್ನ ಇಳಿಯಲಿಲ್ಲ. ನಿಜವಾಗಿಯೂ ಹಲ್ಲು ನೋಯತೊಡಗಿತು.

ಎರಡು ದಿನ ಬಿಟ್ಟು ಮತ್ತೆ ಬಂದರು. ಸಂಘಕ್ಕೆ ಉತ್ತರ ಟೈಪು ಮಾಡಬೇಕು. ಸ್ಟೂಲಿನ ಮೇಲೆ ಕೂತು, ಬಸ್ಸಿನ ಹೆಸರು ಕೂಗುವಷ್ಟೇ ನಿಧಾನವಾಗಿ ಹೇಳಿದರು. ಒಂದೇ ವಾಕ್ಯ. ಕೇಳಿದವರು ಎದುರಿಗೆ ಬಂದರೆ ಉತ್ತರ ಕೊಡುತ್ತೇನೆ, ಹೆಸರಿಲ್ಲದ ಕಾಗದಕ್ಕೆ ಉತ್ತರ ಕೊಡಲು ನನಗೆ ಬರುವುದಿಲ್ಲ. ಕೆಳಗೆ ಹೆಸರನ್ನು ತಾವೇ ಕೈಯಲ್ಲಿ ಬರೆಯುವುದಾಗಿ ಹೇಳಿದರು.

"ಅಣ್ಣಾ, ಇಷ್ಟೇ ಕೊಟ್ರೆ ಮೈಕು ಹೋಗ್ತೈತೆ" ಎಂದೆ. ಮೈಕು ಕಿತ್ತುಕೊಳ್ಳಲು ಕೈ ಹಾಕಿದವನೇ ನಾನು, ಉಳಿಸಿಕೊಳ್ಳಿ ಎನ್ನುತ್ತಿದ್ದವನೂ ನಾನೇ.

"ಹೋಗ್ಲಿ ಬಿಡು. ಅವರಿಗೂ ಏನೋ ನೋವಾಗಿರ್ತೈತೆ, ಅದಕ್ಕೇ ಬರ್ದಾರೆ. ಬಂದು ಕೇಳಿದ್ರೆ ಹೇಳ್ತೀನಿ. ಬರ್ಬೇಕಷ್ಟೆ."

ಇನ್ನೂ ಸ್ವಲ್ಪ ಹೊತ್ತು ಕೂತಿದ್ದರು. ಆಗಲೇ ಬಾಯಿ ಬಿಡಬಹುದಿತ್ತು. ನಾನು ಪ್ರಿಂಟು ತೆಗೆದು, ಕಾಮಾ ಸರಿ ಇದೆಯೇ ಎಂದು ನೋಡಿದೆ.

ಶನಿವಾರ ಬಂತು. ಮೂರು ಗಂಟೆಗೆ ಮೀಟಿಂಗು. ಒಂದೂವರೆಗೆ ಎಂದಿನಂತೆ ಹೋಟೆಲಿನ ಟಿ.ವಿ. ಮುಂದೆ ಜನ. ಧಾರಾವಾಹಿಯ ಗುಮಾಸ್ತ ಮನೆಯ ಕಿಟಕಿಗಳನ್ನೆಲ್ಲ ಮುಚ್ಚಿಕೊಂಡು ಕೂತಿದ್ದ. ನಾನು ಗೂಡಿನಿಂದ ಇಳಿಯದೆ, ಜನರ ತಲೆಗಳ ಸಂದಿನಿಂದ ಪರದೆ ನೋಡುತ್ತಿದ್ದೆ. ಅವನು ಬೀಗ ಹಾಕಿ, ಅದನ್ನು ಜಗ್ಗಿ ನೋಡಿದ. ತಿಂಗಳುಗಟ್ಟಲೆ ಸಾಯಲಿ ಸಾಯಲಿ ಎಂದು ನಾನು ಬಯಸಿದ್ದು ಯಾರ ಸಾವನ್ನು?

ಆಗ ಮೈಕು ಕರಕರ ಎಂದಿತು.

"ಒಂದು ಕಾಗದ ಸಿಕ್ಕೈತೆ. ಯಾರದೋ ಗೊತ್ತಿಲ್ಲ. ಬಿಟ್ಟೋರು ಬಂದು ತಗಂಡೋಗ್ರಿ."

ಕೇಳಿಸಿತು. ನಿಲ್ದಾಣದಲ್ಲಿ ಯಾರೋ ತಮ್ಮ ಜೇಬು ತಡವಿಕೊಂಡರು.

"ಒಂದು ಕಾಗದ ಸಿಕ್ಕೈತೆ. ಬಿಟ್ಟೋರು ಬಂದು ತಗಂಡೋಗ್ರಿ."

ನನಗೇ ಎಂದು ಗೊತ್ತಾಯಿತು. ಮೈ ಮಾತ್ರ ಸ್ಟೂಲಿಗೆ ಅಂಟಿಕೊಂಡಿತ್ತು. ಸಂಘದವರು ಗೂಡು ಖಾಲಿ ಮಾಡಿಸುತ್ತಾರೆ, ಹೆಂಡತಿಗೆ ಏನು ಹೇಳುವುದು, ಊರಲ್ಲಿ ಯಾರು ಇನ್ನು ನನ್ನ ಕೈಗೆ ಕಾಗದ ಕೊಡುತ್ತಾರೆ... ನನ್ನ ತಲೆ ಇಂಥ ಪಟ್ಟಿ ಮಾಡುವುದರಲ್ಲಿ ಚುರುಕು. ಆ ಪಟ್ಟಿಯ ಮಧ್ಯೆ ಅಕ್ಕನ ಒಲೆಯ ಪಕ್ಕ ಅವರು ಆಡಿದ ಮಾತು ಬಂದು ನಿಂತಿತು. ಕೂಗಿದಾಗ ಯಾರೂ ಓ ಅನ್ನಲಿಲ್ಲ, ಅದಕ್ಕೇ ದೆವ್ವ ಆದಳು. ಈಗ ಇಲ್ಲೂ ಒಬ್ಬ ಮನುಷ್ಯ ಕೂಗುತ್ತಿದ್ದಾನೆ. ಮೂರನೆಯ ಕೂಗಿಗೂ ಯಾರೂ ಓ ಅನ್ನದಿದ್ದರೆ, ಈತ ಏನಾಗಿ ಮನೆಗೆ ಹೋಗುತ್ತಾನೆ?

ಮೂರನೆಯದು ಬಂತು. ಎಲೆ ಹಾಕಿ ಕರೆದ ಹಾಗೆ, ಅಷ್ಟೇ ಮೆತ್ತಗೆ.

"ಬಿಟ್ಟೋರು ಬಂದು ತಗಂಡೋಗ್ರಪ್ಪ."

ನಾನು ಎದ್ದೆ. ಗೂಡಿನಿಂದ ಕೌಂಟರಿಗೆ ಮೂವತ್ತು ಹೆಜ್ಜೆ. ಅಷ್ಟು ದೂರವನ್ನು ನಾನು ಬದುಕಿನಲ್ಲಿ ಮತ್ತೆ ನಡೆದಿಲ್ಲ. ಕೌಂಟರಿನ ಕಿಂಡಿಯಲ್ಲಿ ಮುಖ ಇಟ್ಟು, "ಓ" ಎಂದೆ. ಬೇರೇನೂ ಹೊಳೆಯಲಿಲ್ಲ.

ಏಜೆಂಟಣ್ಣ ಮೈಕು ಆರಿಸಿದರು. ಮೂಗರ್ಜಿಯನ್ನು ನನ್ನ ಮುಂದೆ ತಳ್ಳಿ, ಜೇಬಿನಿಂದ ಪೆನ್ನು ತೆಗೆದುಕೊಟ್ಟರು. "ಎಲ್ಲ ಸರಿಯಾಗಿ ಬರ್ದೀಯ. ಹೆಸರೊಂದು ಬಿಟ್ಟೀಯ, ನೋಡು. ಹಾಕು."

ಹರಿದು ಹಾಕು ಎನ್ನುತ್ತಾರೆಂದುಕೊಂಡಿದ್ದೆ. ಕಾಲಿಗೆ ಬೀಳಲೂ ತಯಾರಾಗಿದ್ದೆ, ಅದು ಸುಲಭವಿತ್ತು. ಅವರು ಕೇಳಿದ್ದು ನನ್ನ ಆರೋಪವನ್ನು ನನ್ನದಾಗಿ ಮಾಡಿಕೊಳ್ಳುವುದನ್ನು. "ಇಂತಿ ತಮ್ಮ ವಿಧೇಯ" ಎಂಬುದರ ಮುಂದೆ ಬಿಟ್ಟಿದ್ದ ಜಾಗದಲ್ಲಿ ನನ್ನ ಹೆಸರು ಬರೆದೆ. ಅಕ್ಷರ ನನ್ನದೇ ಎಂದು ನಾನೇ ಗುರುತು ಹಿಡಿಯಲಾರದಷ್ಟು ಕೆಟ್ಟದಾಗಿ ಬಂತು.

ಮೀಟಿಂಗಿನಲ್ಲಿ ಏಳೆಂಟು ಮಾಲೀಕರು, ಕಾರ್ಯದರ್ಶಿ, ಇಬ್ಬರು ಡ್ರೈವರುಗಳು. ಏಜೆಂಟಣ್ಣ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು, "ಈಗ ಕೇಳಪ್ಪ, ಬಾಯಲ್ಲಿ ಕೇಳು" ಎಂದರು.

"ಆ ಹಳದಿ ಚೀಲ ಏನಾಯ್ತಣ್ಣ?" ನನ್ನ ದನಿ ನನಗೇ ಕೇಳಿಸಲಿಲ್ಲ.

ಹೇಳಿದರು. ಮೂರು ದಿನ ಕೂಗಿ, ನಾಲ್ಕನೆಯ ದಿನ ಬಿಚ್ಚಿ ನೋಡಿದರೆ ಸೀರೆ, ಬಳೆ, ತಳದಲ್ಲಿ ಒಂದು ರೇಷನ್ ಕಾರ್ಡಿನ ಜೆರಾಕ್ಸ್. "ಇವನ ಅಂಗಡೀದೇ. ಗೆರೆ ಇತ್ತಲ್ಲ." ಅದರಲ್ಲಿ ಹಟ್ಟಿಯ ಹೆಸರಿತ್ತು. ಅದನ್ನು ಜೇಬಿಗೆ ಹಾಕಿಕೊಂಡು ಶ್ರೀರಾಂಪುರಕ್ಕೆ ಹೋಗಿ, ಅಲ್ಲಿಂದ ನಡೆದು, ಹಟ್ಟಿಯ ಬೇಲಿಯ ಹೊರಗೆ ನಿಂತು ಕೂಗಿದ್ದಾರೆ. "ಮೂರನೇ ಸಲಕ್ಕೆ ಒಂದು ಬಸುರಿ ಹುಡುಗಿ ಬಂತು. ಅವಳ ಬಳೇನೇ ಅವು. ಕೈಗೆ ಕೊಟ್ಟು ಬಂದೆ."

"ಹೌದು, ಆವತ್ತು ಇವರನ್ನ ಇಳಿಸಿದ್ದು ನಾನೇ, ಕಂಕುಳಾಗೆ ಚೀಲ ಇತ್ತು" ಎಂದ ಶ್ರೀರಾಂಪುರದ ಬಸ್ಸಿನ ಡ್ರೈವರು.

ನನ್ನ ಗೂಡಿನ ಮುಂದೆ ಅತ್ತು ಹೋದವಳು ಬರಿಗೈಯಲ್ಲಿ ಹಟ್ಟಿಗೆ ಹೋದಾಗ, ಆ ಬಳೆ ಮಗಳ ಕೈಯಲ್ಲೇ ಇದ್ದವು. ನಾನು ಇತ್ತ ಮೂಗರ್ಜಿಯನ್ನು ಜೆರಾಕ್ಸ್ ಮಾಡಿ, ಮೂಲಪ್ರತಿ ಸುಡುತ್ತಿದ್ದ ಹೊತ್ತಿಗೆ.

"ಮೊದ್ಲೇ ಹೇಳಾಕೆ ಏನಾಗಿತ್ತು ನಿಂಗೆ?" ಎಂದು ಕಾರ್ಯದರ್ಶಿ ರೇಗಿದರು.

"ಕೇಳ್ದೋರು ಯಾರೂ ಇರ್ಲಿಲ್ವಲ್ಲ ಸ್ವಾಮಿ. ಕಾಗ್ದದ ಜೊತೆ ಏನು ಮಾತಾಡ್ಲಿ?"

ಆಮೇಲೆ ಎಲ್ಲರ ಕಣ್ಣೂ ನನ್ನ ಮೇಲೆ. ಗೂಡು ಖಾಲಿ ಮಾಡಿಸ್ರಿ ಎಂದರು ಒಬ್ಬರು. ಊರ ಮುಂದೆ ತಪ್ಪೊಪ್ಪಿಸಿ, ಅದೇ ಮೈಕಿನಲ್ಲಿ ಎಂದರು ಇನ್ನೊಬ್ಬರು. ಕಾರ್ಯದರ್ಶಿ ಏಜೆಂಟಣ್ಣನ ಕಡೆ ತಿರುಗಿ, "ನೀನೇ ಹೇಳಪ್ಪ, ಏನು ಮಾಡಾಣ ಇವನಿಗೆ?" ಎಂದರು. ನನ್ನ ಬಾಯಲ್ಲಿ ನೀರು ತುಂಬುತ್ತಿದೆ ಎಂದೇ ಅನ್ನಿಸಿತು. ದೇವರಾಣೆಗೂ.

ಏಜೆಂಟಣ್ಣ ಆ ಪ್ರಶ್ನೆಯೇ ಅರ್ಥವಾಗದವರಂತೆ ನೋಡಿದರು.

"ಏನು ಮಾಡೋದು? ಕರೆದೆ, ಬಂದ. ಬಂದೋನಿಗೆ ಕುಂತ್ಕ ಅಂತ ಹೇಳ್ರಿ."

ಕುರ್ಚಿ ಎಳೆದದ್ದೂ ಅವರೇ. ನಾನು ಕೂತೆ. ದೇವಸ್ಥಾನ, ಮಠ, ಜೋಗಿಮಟ್ಟಿ ಬೆಟ್ಟದ ತುದಿ, ಎಲ್ಲೆಲ್ಲೋ ನಿಂತು ಕೈ ಮುಗಿದಿದ್ದೇನೆ. ಆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಾಗ ಮೈಯೆಲ್ಲ ಝುಂ ಎಂದ ಹಾಗೆ ಎಲ್ಲೂ ಆಗಲಿಲ್ಲ. ಎದುರಿಗೆ ನಿಂತಿರುವುದು ಏನೋ ದೊಡ್ಡದು, ಅದು ಕಾಲರಿಗೆ ಕರವಸ್ತ್ರ ಸಿಕ್ಕಿಸಿಕೊಂಡಿದೆ ಅಷ್ಟೇ, ಎನ್ನಿಸಿತು.

ಸೋಮವಾರ ಧಾರಾವಾಹಿಯ ಗುಮಾಸ್ತ ಸತ್ತ. ಬಳೆ ಸದ್ದು, ಒಂದೇ ಕರೆ, ತಿರುಗಿದ, ನೀರು. ಜನ ಚಪ್ಪಾಳೆ ತಟ್ಟಿದರು. ಹೋಟೆಲಿನ ಅಕ್ಕ, "ಏನೋ ಜೆರಾಕ್ಸು, ಅಲ್ಲಿ ಸತ್ತೆ, ಇಲ್ಲಿ ಮಂಡಕ್ಕಿ ತಿಂತಾ ನಿಂತಿದೀಯ!" ಎಂದು ನಗಿಸಿದಳು. ಊರಿಗೆಲ್ಲ ಗೊತ್ತಾಗಿತ್ತು. ಏಜೆಂಟಣ್ಣ ನಗಲಿಲ್ಲ. ಪರದೆಯನ್ನೇ ನೋಡುತ್ತ, "ಪಾಪ, ಇಬ್ಬರಿಗೂ ಯಾರೂ ಸಿಗಲಿಲ್ಲ" ಎಂದರು. ಹುಡುಗಿಗೂ ಗುಮಾಸ್ತನಿಗೂ, ಇಬ್ಬರಿಗೂ ಎಂದರು. ನಾನು ಆ ಮಾತನ್ನು ಇನ್ನೂ ಪೂರ್ತಿ ಅರ್ಥ ಮಾಡಿಕೊಂಡಿಲ್ಲ.

ಹೊಸ ಡ್ರಮ್ಮು ಹಾಕಿಸಿದೆ. ಹೆಸರಿಲ್ಲದ ಅರ್ಜಿ ಟೈಪು ಮಾಡುವುದನ್ನು ಬಿಟ್ಟೆ. ಹೆಸರು ಹೇಳ್ರಿ ಎಂದರೆ ಅರ್ಧ ಜನ ಎದ್ದು ಪಕ್ಕದ ಅಂಗಡಿಗೆ ಹೋಗುತ್ತಾರೆ, ಇಂದಿಗೂ. ಆಮೇಲೆ ಏಳೆಂಟು ವರ್ಷ ಏಜೆಂಟಣ್ಣ ಮೈಕಿನ ಮುಂದೆ ಇದ್ದರು. ಆ ವಿಷಯವನ್ನು ಒಮ್ಮೆಯೂ ಎತ್ತಲಿಲ್ಲ. ಯಾವಾಗಲಾದರೂ ನನ್ನ ಮುಖ ಸಪ್ಪಗಿದ್ದರೆ ಮಾತ್ರ, "ಹಲ್ಲು ನೋವಾ?" ಎನ್ನುತ್ತಿದ್ದರು. ಬಸ್ಸುಗಳು ಕಡಿಮೆಯಾದವು, ಅವರಿಗೆ ಮಂಡಿ ಹಿಡಿಯಿತು, ಮನೆಯಲ್ಲೇ ಉಳಿದರು. ನೋಡಿಬರಬೇಕು ಎಂದು ಪ್ರತಿ ಭಾನುವಾರ ಅಂದುಕೊಳ್ಳುತ್ತಿದ್ದೆ. ಚಿಂತೆ ಮಾಡುವವರಿಗೆ ಹೋಗುವುದಕ್ಕೆ ಪುರಸೊತ್ತಿರುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಒಬ್ಬ ಹೆಣ್ಣುಮಗಳು ಒಂದು ಕಾಗದ ಕೊಟ್ಟು ಐದು ಜೆರಾಕ್ಸ್ ಕೇಳಿದಳು. ಮರಣ ಪ್ರಮಾಣಪತ್ರ. ಹೆಸರು ಓದಿದೆ, ಯಾರೆಂದು ಗೊತ್ತಾಗಲಿಲ್ಲ. ಕಾಗದ ಗಾಜಿನ ಮೇಲಿಟ್ಟು ಮುಚ್ಚುವಾಗ ಅವಳೇ, "ಅಪ್ಪ ನಿಮ್ಮನ್ನ ನೆನೆಸ್ಕಂತಿದ್ರು. ಇಲ್ಲೇ ಮೈಕಿನಾಗೆ ಇದ್ರಲ್ಲ" ಎಂದಳು. ಅಷ್ಟು ವರ್ಷ ಎದುರು ಬದುರು ಕೂತಿದ್ದವರ ಹೆಸರನ್ನು ನಾನು ಮೊದಲು ಓದಿದ್ದು ಹಾಗೆ... ಪ್ರತಿಗಳೇನೋ ಸ್ವಚ್ಛವಾಗಿ ಬಂದವು. ಒಂದು ಗೆರೆಯೂ ಇರಲಿಲ್ಲ.

ಈಗ ನಿಲ್ದಾಣದಲ್ಲಿ ರೆಕಾರ್ಡು ಮಾಡಿದ ಹೆಣ್ಣು ದನಿ. ಇಂಪಾಗಿದೆ, ಸ್ಪಷ್ಟವಾಗಿದೆ. ನಿನ್ನೆ ಕೊನೆಗೂ ಮೆಕ್ಯಾನಿಕ್ ಬಂದು ಡ್ರಮ್ಮು ಬಿಚ್ಚಿಕೊಂಡು ಹೋದ ಮೇಲೆ, ಮಧ್ಯಾಹ್ನವೇ ಶಟರ್ ಎಳೆದು, ಬೀಗ ಜಗ್ಗಿ ನೋಡಿ, ಹೊಳಲ್ಕೆರೆಗೆ ಹೋಗಲು ಕಲ್ಲುಬೆಂಚಿನ ಮೇಲೆ ಕೂತೆ. ಈ ಸಲ ನಿಜವಾಗಿಯೂ ಹಲ್ಲು ನೋವು. ಬಸ್ಸು ಬಂತು. ಆ ದನಿ ಹೊಳಲ್ಕೆರೆ ಎಂದು ಒಂದು ಸಲ ಕರೆಯಿತು.

ನಾನು ಕೂತೇ ಇದ್ದೆ, ಇನ್ನೆರಡಕ್ಕೆ ಕಾಯುತ್ತ. ಬಸ್ಸು ಹೊರಟುಹೋಯಿತು.